ಬರಿ ಹೊಟ್ಟೆಯ ಶುಗರ್ ನಾರ್ಮಲ್ ಬಂದರೆ ಸಾಕೇ? ಪಿಸಿಓಎಸ್ ಇರುವ ಓದುಗರ ಪ್ರಶ್ನೆಗಳು

ಈ ತಿಂಗಳು ಹಾಸನ, ಚಿಕ್ಕಮಗಳೂರು ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ಪಿಸಿಓಎಸ್ ಬಗ್ಗೆ, ಅಂದರೆ ಹಾರ್ಮೋನುಗಳ ಏರುಪೇರಿನಿಂದ ಅಂಡಾಶಯದ ಕೆಲಸ ಕೆಡುವ ತೊಂದರೆಯ ಬಗ್ಗೆ ಇವೆ. ಕೆಲವರ ಚೀಟಿಯಲ್ಲಿ ಪಿಸಿಓಡಿ ಎಂದಿರುತ್ತದೆ. ನಿತ್ಯದ ಬಳಕೆಯಲ್ಲಿ ಎರಡೂ ಒಂದೇ ತೊಂದರೆಯ ಹೆಸರು. ಮುಟ್ಟು ತಪ್ಪುವುದು, ಗಲ್ಲದ ಮೇಲೆ ಕೂದಲು, ಮೊಡವೆ, ಮಕ್ಕಳಾಗದಿರುವುದು ಇವೇ ಪತ್ರಗಳ ತುಂಬ ಇವೆ. ಶುಗರ್ ಮಾತು ಕೊನೆಯ ಸಾಲಿನಲ್ಲಿ ಬರುತ್ತದೆ, ಇಲ್ಲವೇ ಬರುವುದೇ ಇಲ್ಲ. ಆದ್ದರಿಂದ ಶುಗರ್‌ಗೆ ಸಂಬಂಧಪಟ್ಟ ಪತ್ರಗಳನ್ನೇ ಆರಿಸಿ ಉತ್ತರಿಸಿದ್ದೇವೆ. ಬರೆದವರ ಹೆಸರು ಬಿಟ್ಟು ಊರನ್ನಷ್ಟೇ ಉಳಿಸಿಕೊಂಡಿದ್ದೇವೆ.

ಪ್ರಶ್ನೆ: ನನಗೆ 26 ವರ್ಷ. ಪಿಸಿಓಎಸ್ ಇದೆ. ಬರಿ ಹೊಟ್ಟೆಯ ಶುಗರ್ 92 ಬಂದಿದೆ. ಆದರೂ ಗ್ಲೂಕೋಸ್ ಕುಡಿದು ಎರಡು ಗಂಟೆ ಬಿಟ್ಟು ಮತ್ತೆ ರಕ್ತ ಕೊಡಬೇಕು ಅಂತ ಡಾಕ್ಟರ್ ಬರೆದುಕೊಟ್ಟಿದ್ದಾರೆ. "ನಾರ್ಮಲ್ ಬಂದಮೇಲೆ ಮತ್ತೆ ಯಾಕೆ ದುಡ್ಡು ಸುರಿಯೋದು" ಅಂತಾರೆ ಅಮ್ಮ. ಮಾಡಿಸಲೇಬೇಕಾ? — ಬೇಲೂರು

ಉತ್ತರ: ಮಾಡಿಸಿ. ನಿಮ್ಮ ಡಾಕ್ಟರ್ ಸರಿಯಾದುದನ್ನೇ ಬರೆದಿದ್ದಾರೆ.

ಪಿಸಿಓಎಸ್ ಇರುವ ಅನೇಕರಲ್ಲಿ ಇನ್ಸುಲಿನ್ ಇದ್ದರೂ ಅದರ ಮಾತನ್ನು ಸ್ನಾಯು ಮತ್ತು ಲಿವರ್ ಸರಿಯಾಗಿ ಕೇಳುವುದಿಲ್ಲ. ಮೇದೋಜೀರಕ ಗ್ರಂಥಿ ಹೆಚ್ಚು ಹೆಚ್ಚು ಇನ್ಸುಲಿನ್ ಸುರಿಸಿ ಸಕ್ಕರೆಯನ್ನು ಹತೋಟಿಯಲ್ಲಿ ಇಟ್ಟುಕೊಂಡಿರುತ್ತದೆ. ರಾತ್ರಿ ಇಡೀ ಏನೂ ತಿನ್ನದೆ ಇದ್ದಾಗ ಆ ಕೆಲಸ ಹಗುರ, ಹಾಗಾಗಿ ಬೆಳಿಗ್ಗೆ 92 ಬರುತ್ತದೆ. ಒಂದೇ ಸಲಕ್ಕೆ 75 ಗ್ರಾಂ ಗ್ಲೂಕೋಸ್ ಒಳಗೆ ಹೋದಾಗ ಅದೇ ದೇಹ ಎಷ್ಟು ಹೊತ್ತಿನಲ್ಲಿ ಸುಧಾರಿಸಿಕೊಳ್ಳುತ್ತದೆ ಎನ್ನುವುದೇ ಮುಖ್ಯ. ಪಿಸಿಓಎಸ್ ಇದ್ದವರಲ್ಲಿ ಮೊದಲು ಕೆಡುವುದು ಬಹಳ ಸಲ ಈ ಎರಡನೇ ಅಂಕಿ. 2023ರ ಅಂತರರಾಷ್ಟ್ರೀಯ ಪಿಸಿಓಎಸ್ ಮಾರ್ಗಸೂಚಿಯೂ ವಯಸ್ಸು, ತೂಕ ಎಷ್ಟೇ ಇರಲಿ, ಕಾಯಿಲೆ ಗೊತ್ತಾದಾಗಲೇ ಶುಗರ್ ನೋಡಬೇಕು, ಆಮೇಲೆ 1ರಿಂದ 3 ವರ್ಷಕ್ಕೊಮ್ಮೆ ನೋಡುತ್ತಿರಬೇಕು, ಅದಕ್ಕೆ ಈ 75 ಗ್ರಾಂ ಪರೀಕ್ಷೆಯೇ ಹೆಚ್ಚು ನಂಬಲರ್ಹ ಎನ್ನುತ್ತದೆ.

ಅಂಕಿಗಳನ್ನು ಹೀಗೆ ಓದಿಕೊಳ್ಳಿ. ಬರಿ ಹೊಟ್ಟೆಯಲ್ಲಿ 100ಕ್ಕಿಂತ ಕಡಿಮೆ ಇದ್ದರೆ ಸರಿ, 100ರಿಂದ 125 ಶುಗರ್‌ನ ಹೊಸ್ತಿಲು, 126 ಮತ್ತು ಮೇಲೆ ಸಕ್ಕರೆ ಕಾಯಿಲೆ. ಗ್ಲೂಕೋಸ್ ಕುಡಿದ ಎರಡು ಗಂಟೆಗೆ 140ಕ್ಕಿಂತ ಕಡಿಮೆ ಸರಿ, 140ರಿಂದ 199 ಹೊಸ್ತಿಲು, 200 ಮತ್ತು ಮೇಲೆ ಸಕ್ಕರೆ ಕಾಯಿಲೆ. ಬಾಯಾರಿಕೆ, ಪದೇಪದೇ ಮೂತ್ರದಂತಹ ಲಕ್ಷಣಗಳಿಲ್ಲದಿದ್ದರೆ ಒಂದೇ ಅಂಕಿ ನೋಡಿ ಕಾಯಿಲೆ ಎಂದು ಬರೆಯುವುದಿಲ್ಲ, ಇನ್ನೊಂದು ಪರೀಕ್ಷೆಯಲ್ಲೂ ಅದೇ ಬರಬೇಕು.

ಈ ಪರೀಕ್ಷೆ ಕೆಡುವುದು ಬಹುತೇಕ ತಯಾರಿಯಲ್ಲಿ. "ಶುಗರ್ ಟೆಸ್ಟ್ ಇದೆ" ಎಂದು ಮೂರು ದಿನ ಅನ್ನ ಬಿಟ್ಟು ಹೋಗುವವರಿದ್ದಾರೆ. ಹಾಗೆ ಮಾಡಿದರೆ ದೇಹ ಒಮ್ಮೆಲೇ ಬಂದ ಗ್ಲೂಕೋಸಿಗೆ ಸಿದ್ಧವಿರುವುದಿಲ್ಲ, ಇಲ್ಲದ ಕಾಯಿಲೆಯನ್ನು ಅಂಕಿ ತೋರಿಸುತ್ತದೆ. ಮೂರು ದಿನ ಎಂದಿನಂತೆ ಅನ್ನ, ಮುದ್ದೆ, ರೊಟ್ಟಿ ತಿನ್ನಿ. ಹಿಂದಿನ ರಾತ್ರಿ ಊಟವಾದ ಮೇಲೆ 8ರಿಂದ 14 ಗಂಟೆ ನೀರು ಬಿಟ್ಟು ಬೇರೇನೂ ಬೇಡ. ಬೆಳಗಿನ ಬಸ್ಸು ಹತ್ತುವ ಮುಂಚೆ ಅರ್ಧ ಲೋಟ ಕಾಫಿಯೂ ಬೇಡ, ಸಕ್ಕರೆ ಹಾಕದ್ದೂ ಬೇಡ. ಜ್ವರ, ಕೆಮ್ಮು ಇದ್ದರೆ ಮುಂದೂಡಿ.

ಮೊದಲ ರಕ್ತ ಕೊಟ್ಟ ಮೇಲೆ 75 ಗ್ರಾಂ ಗ್ಲೂಕೋಸನ್ನು 250ರಿಂದ 300 ಮಿಲಿ ನೀರಿನಲ್ಲಿ ಕರಗಿಸಿ 5 ನಿಮಿಷದೊಳಗೆ ಕುಡಿದು ಮುಗಿಸಬೇಕು. ಗಡಿಯಾರ ನೋಡಬೇಕಾದ್ದು ಮೊದಲ ಗುಟುಕಿಗೆ. ಮೆಡಿಕಲ್ ಶಾಪಿನಲ್ಲಿ ಪರೀಕ್ಷೆಗೆಂದೇ 75 ಗ್ರಾಂ ಎಂದು ಬರೆದ ಪೊಟ್ಟಣ ಸಿಗುತ್ತದೆ, ಅದನ್ನೇ ಕೊಳ್ಳಿ. ಸುಸ್ತಿಗೆ ಕುಡಿಯುವ ಕಿತ್ತಳೆ, ನಿಂಬೆ ರುಚಿಯ ಡಬ್ಬಿ ಪುಡಿಯಲ್ಲಿ ಬೇರೆ ಪದಾರ್ಥಗಳೂ ಇರುತ್ತವೆ, ಚಮಚದ ಅಳತೆಯೂ ನೆಚ್ಚುವಂಥದ್ದಲ್ಲ. ಎರಡು ಗಂಟೆ ಕೂತಲ್ಲೇ ಕೂತಿರಿ. ಆ ಹೊತ್ತಿನಲ್ಲಿ ಬೇಲೂರಿನ ಪೇಟೆ ಸುತ್ತಿ ಬಂದರೆ ಸ್ನಾಯುಗಳು ಸಕ್ಕರೆ ಎಳೆದುಕೊಂಡು ಅಂಕಿ ಇಳಿದುಬಿಡುತ್ತದೆ. ವಾಂತಿಯಾದರೆ ಪರೀಕ್ಷೆ ಅಲ್ಲಿಗೇ ನಿಲ್ಲಿಸಿ, ಬೇರೆ ದಿನ ಮಾಡಿಸಬೇಕು.

ಇನ್ನೊಂದು ಮಾತು. ರಕ್ತ ತೆಗೆದು ಹಾಸನದ ದೊಡ್ಡ ಲ್ಯಾಬಿಗೆ ಕಳಿಸುವುದಾದರೆ ಶುಗರ್‌ಗೆ ಬೂದು ಮುಚ್ಚಳದ, ಫ್ಲೋರೈಡ್ ಇರುವ ಟ್ಯೂಬಿನಲ್ಲೇ ತೆಗೆಯುತ್ತಾರಾ ನೋಡಿ. ಬೇರೆ ಟ್ಯೂಬಿನಲ್ಲಿ ಹಾಗೇ ಬಿಟ್ಟ ರಕ್ತದಲ್ಲಿ ರಕ್ತಕಣಗಳು ಸಕ್ಕರೆ ತಿನ್ನುತ್ತಲೇ ಇರುತ್ತವೆ, ಗಂಟೆಗೆ ಶೇ. 5ರಿಂದ 7ರಷ್ಟು ಇಳಿಯುತ್ತದೆ. ಮಧ್ಯಾಹ್ನ ಲ್ಯಾಬ್ ತಲುಪುವ ಹೊತ್ತಿಗೆ 110 ಇದ್ದದ್ದು 92 ಆಗಿರಬಹುದು.

ಪ್ರಶ್ನೆ: ಮಗಳಿಗೆ 15 ವರ್ಷ. ದೊಡ್ಡವಳಾಗಿ ಎರಡು ವರ್ಷವಾಯಿತು. ಎರಡು ಎರಡೂವರೆ ತಿಂಗಳಿಗೊಮ್ಮೆ ಮುಟ್ಟಾಗುತ್ತಾಳೆ. ಕುತ್ತಿಗೆಯ ಹಿಂದೆ ಕಪ್ಪಗೆ, ಒರಟಾಗಿ ಮಡಿಕೆ ಬಂದಿದೆ, ಎಷ್ಟು ಉಜ್ಜಿದರೂ ಹೋಗುತ್ತಿಲ್ಲ. ಸ್ಕ್ಯಾನ್ ಮಾಡಿಸಿದೆವು, ಪಿಸಿಓಡಿ ಎಂದು ಬಂದಿದೆ. — ಕಡೂರು

ಉತ್ತರ: ಮೊದಲು ಉಜ್ಜುವುದನ್ನು ನಿಲ್ಲಿಸಿ. ಅದು ಕೊಳೆ ಅಲ್ಲ. ರಕ್ತದಲ್ಲಿ ಇನ್ಸುಲಿನ್ ಹೆಚ್ಚಾದಾಗ ಚರ್ಮದ ಕಣಗಳು ಹೆಚ್ಚು ಬೆಳೆದು ಕುತ್ತಿಗೆ, ಕಂಕುಳು, ತೊಡೆಸಂದಿಯಲ್ಲಿ ಹೀಗೆ ವೆಲ್ವೆಟ್ ಬಟ್ಟೆಯಂತೆ ದಪ್ಪಗಾಗುತ್ತದೆ. ನಿಂಬೆಹುಳಿ, ಅಡುಗೆ ಸೋಡಾ, ಬ್ರಷ್ಷು ಇವುಗಳಿಂದ ಉರಿಯಾಗಿ ಇನ್ನಷ್ಟು ಕಪ್ಪಾಗುತ್ತದೆ. ಇನ್ಸುಲಿನ್ ಇಳಿದರೆ ತಿಂಗಳುಗಳು ಕಳೆದಂತೆ ತಾನಾಗಿ ತೆಳುವಾಗುತ್ತದೆ. ಶಾಲೆಯಲ್ಲಿ, ಮನೆಯಲ್ಲಿ "ಸ್ನಾನ ಸರಿಯಾಗಿ ಮಾಡಲ್ಲ" ಎನ್ನುವ ಮಾತು ಮಗುವಿನ ಕಿವಿಗೆ ಬೀಳದಂತೆ ದಯವಿಟ್ಟು ನೋಡಿಕೊಳ್ಳಿ.

ಸ್ಕ್ಯಾನಿನ ಬಗ್ಗೆ. ಮೊದಲ ಮುಟ್ಟಿನಿಂದ 8 ವರ್ಷದವರೆಗೆ ಪಿಸಿಓಎಸ್ ತೀರ್ಮಾನಕ್ಕೆ ಸ್ಕ್ಯಾನನ್ನು ಆಧಾರವಾಗಿ ಇಟ್ಟುಕೊಳ್ಳುವಂತಿಲ್ಲ. ಆ ವಯಸ್ಸಿನ ಆರೋಗ್ಯವಂತ ಹುಡುಗಿಯರ ಅಂಡಾಶಯದಲ್ಲೂ ಅಂಥ ನೀರುಗುಳ್ಳೆಗಳು ಕಾಣುತ್ತವೆ. ಇವಳಿಗೆ ಎರಡು ಸಂಗತಿ ಕೂಡಿಬರಬೇಕು: ಮುಟ್ಟಿನ ಏರುಪೇರು ಮತ್ತು ಗಂಡು ಹಾರ್ಮೋನು ಹೆಚ್ಚಿರುವ ಗುರುತು. ಅಂದರೆ ಗಲ್ಲ, ಎದೆ, ಹೊಟ್ಟೆಯ ಮೇಲೆ ಗಡುಸು ಕೂದಲು, ತೀವ್ರ ಮೊಡವೆ ಅಥವಾ ರಕ್ತದಲ್ಲಿ ಟೆಸ್ಟೋಸ್ಟಿರಾನ್ ಹೆಚ್ಚಿರುವುದು. ದೊಡ್ಡವಳಾದ 1ರಿಂದ 3 ವರ್ಷದೊಳಗೆ 21 ದಿನಕ್ಕಿಂತ ಬೇಗ ಅಥವಾ 45 ದಿನಕ್ಕಿಂತ ತಡವಾಗಿ ಮುಟ್ಟಾಗುತ್ತಿದ್ದರೆ ಏರುಪೇರು ಎನ್ನುತ್ತೇವೆ. ನಿಮ್ಮ ಮಗಳು ಆ ಗೆರೆ ದಾಟಿದ್ದಾಳೆ. ಥೈರಾಯ್ಡ್ ಮತ್ತು ಪ್ರೊಲ್ಯಾಕ್ಟಿನ್ (ಎದೆಹಾಲಿನ ಹಾರ್ಮೋನು) ನೋಡಿಸಿ, ಟೆಸ್ಟೋಸ್ಟಿರಾನ್ ನೋಡಿಸಿ. ಪಿಸಿಓಎಸ್ ಖಚಿತವಾಗದಿದ್ದರೂ ಕುತ್ತಿಗೆಯ ಕಪ್ಪು ಇರುವುದರಿಂದ ಶುಗರ್ ಈಗಲೇ ನೋಡಬೇಕು. ಇನ್ಸುಲಿನ್ ಮಟ್ಟದ ದುಬಾರಿ ಪರೀಕ್ಷೆ ಬೇಕಿಲ್ಲ. ಲ್ಯಾಬಿನಿಂದ ಲ್ಯಾಬಿಗೆ ಅದರ ಅಂಕಿ ಬದಲಾಗುತ್ತದೆ, ಚಿಕಿತ್ಸೆಯೂ ಅದರಿಂದ ಬದಲಾಗುವುದಿಲ್ಲ.

ಪ್ರಶ್ನೆ: ಗ್ಲೂಕೋಸ್ ಕುಡಿದ ಮೇಲೆ 162 ಬಂತು. ಅನ್ನ ಪೂರ್ತಿ ಬಿಟ್ಟೆ. ಎರಡೂ ಹೊತ್ತು ಎರಡೆರಡು ರಾಗಿ ಮುದ್ದೆ, ಕಾಫಿಗೆ ಸಕ್ಕರೆ ಬದಲು ಬೆಲ್ಲ. ಆರು ತಿಂಗಳ ಮೇಲೆ ನೋಡಿದರೆ 165. ತೂಕವೂ ಇಳಿದಿಲ್ಲ. ಎಲ್ಲಿ ತಪ್ಪುತ್ತಿದ್ದೇನೆ? — ಚನ್ನರಾಯಪಟ್ಟಣ

ಉತ್ತರ: ರಾಗಿ ಒಳ್ಳೆಯ ಧಾನ್ಯ. ಅದರ ನಾರು, ಸುಣ್ಣದ ಅಂಶ ಅಕ್ಕಿಗಿಲ್ಲ. ಆದರೆ 100 ಗ್ರಾಂ ರಾಗಿ ಹಿಟ್ಟಿನಲ್ಲೂ ಸುಮಾರು 67 ಗ್ರಾಂ ಪಿಷ್ಟವಿದೆ, ಅಕ್ಕಿಯಲ್ಲಿ ಸುಮಾರು 78. ನಮ್ಮ ಕಡೆಯ ಒಂದು ಮುದ್ದೆಗೆ 80 ಗ್ರಾಂ ಹಿಟ್ಟು ಸಲೀಸಾಗಿ ಹೋಗುತ್ತದೆ. ಎರಡು ಮುದ್ದೆಗೆ 100 ಗ್ರಾಂ ದಾಟಿದ ಪಿಷ್ಟ, ಅದೂ ನುಣ್ಣಗೆ ಬೀಸಿ, ಚೆನ್ನಾಗಿ ಬೆಂದು, ಅಗಿಯದೆ ನುಂಗುವಂಥದ್ದು. ಜೀರ್ಣವಾಗಿ ರಕ್ತಕ್ಕೆ ಸೇರಲು ಹೊತ್ತೇ ಹಿಡಿಯುವುದಿಲ್ಲ. ಅನ್ನ ಬಿಟ್ಟರೂ ಒಟ್ಟು ಲೆಕ್ಕ ಇಳಿಯಲಿಲ್ಲ.

ಬೆಲ್ಲವೂ ಬಹುಪಾಲು ಸಕ್ಕರೆಯೇ. ದಿನಕ್ಕೆ ಐದು ಲೋಟ ಕಾಫಿ, ಲೋಟಕ್ಕೆ ಎರಡು ಚಮಚ ಸಿಹಿ ಎಂದರೆ ಸುಮಾರು 50 ಗ್ರಾಂ. ಕಾಫಿ ಬೀಜ ಬೆಳೆಯುವ ಈ ಸೀಮೆಯಲ್ಲಿ ಕಾಫಿ ಬಿಡಿ ಎನ್ನುವುದಿಲ್ಲ, ಬಿಡುವ ಅಗತ್ಯವೂ ಇಲ್ಲ. ವಾರಕ್ಕೆ ಅರ್ಧರ್ಧ ಚಮಚ ಇಳಿಸುತ್ತಾ ಬನ್ನಿ. ಡಿಕಾಕ್ಷನ್ ತೆಳುವಾಗಿದ್ದರೆ ಸಿಹಿ ಇಲ್ಲದೆ ಕಹಿ ಸಹಿಸಿಕೊಳ್ಳುವುದು ಸುಲಭ.

ಈಗ ತಟ್ಟೆಯನ್ನು ಹೀಗೆ ಬದಲಿಸಿ. ಊಟಕ್ಕೆ ಒಂದು ಚಿಕ್ಕ ಮುದ್ದೆ, 60 ಗ್ರಾಂ ಹಿಟ್ಟಿನದು. ಒಮ್ಮೆ ಅಡುಗೆ ತಕ್ಕಡಿಯಲ್ಲಿ ತೂಗಿ, ಅದು ಯಾವ ಲೋಟಕ್ಕೆ ಎಷ್ಟು ಬರುತ್ತದೆ ಎಂದು ಗುರುತು ಮಾಡಿಕೊಂಡರೆ ಸಾಕು. ಜೊತೆಗೆ ತಿಳಿ ಸಾರಿನ ಬದಲು ಕಾಳು ಕಾಣುವ ಸಾರು. ಬಸ್ಸಾರು ಮಾಡಿದಾಗ ಬಸಿದ ಸೊಪ್ಪು, ಕಾಳಿನ ಪಲ್ಯವನ್ನು ಒಂದು ಬಟ್ಟಲು ತುಂಬ ನೀವೇ ಹಾಕಿಕೊಳ್ಳಿ. ಮನೆಮಂದಿಗೆಲ್ಲ ಬಡಿಸಿ ಕೊನೆಗೆ ತಿಳಿಯಲ್ಲಿ ಮುದ್ದೆ ನುಂಗುವ ಹೆಣ್ಣುಮಕ್ಕಳ ಅಭ್ಯಾಸವೇ ಅನೇಕ ಮನೆಗಳಲ್ಲಿ ಶುಗರ್ ಏರುವುದಕ್ಕೆ ದಾರಿ. ಹುರುಳಿ, ಹೆಸರು, ಅಲಸಂದೆ, ಅವರೆ ಯಾವುದಾದರೂ 30 ಗ್ರಾಂ ಒಣಕಾಳಿನಲ್ಲಿ 6ರಿಂದ 7 ಗ್ರಾಂ ಪ್ರೋಟೀನ್ ಸಿಗುತ್ತದೆ. ಒಂದು ಮೊಟ್ಟೆಯಲ್ಲೂ ಅಷ್ಟೇ. ಮೊದಲು ಪಲ್ಯ, ಕಾಳು ತಿಂದು ಆಮೇಲೆ ಮುದ್ದೆಗೆ ಕೈ ಹಾಕಿದರೆ ಊಟದ ನಂತರದ ಏರಿಕೆ ಕಡಿಮೆಯಾಗುತ್ತದೆ. ಖರ್ಚಿಲ್ಲದ ಉಪಾಯ, ಇವತ್ತೇ ಶುರುಮಾಡಬಹುದು.

ಬೆಳಗಿನ ಅಕ್ಕಿ ರೊಟ್ಟಿ, ಕಡುಬು, ನೀರುದೋಸೆಗೂ ಇದೇ ಲೆಕ್ಕ. ಮೂರು ರೊಟ್ಟಿ ಚಟ್ನಿಯ ಬದಲು ಒಂದೂವರೆ ರೊಟ್ಟಿ, ಜೊತೆಗೆ ಮೊಳಕೆ ಹುರುಳಿ ಪಲ್ಯ ಅಥವಾ ಮೊಟ್ಟೆ. ಹಾಸನದ ಆಲೂಗಡ್ಡೆಯನ್ನು ತರಕಾರಿ ಎಂದು ಎಣಿಸಬೇಡಿ. ಆಲೂ ಪಲ್ಯ ಮಾಡಿದ ದಿನ ಅನ್ನ ಅಷ್ಟು ಕಡಿಮೆ ಮಾಡಿ.

ಶ್ರಾವಣದ ಶನಿವಾರ ಒಪ್ಪತ್ತು ಮಾಡುವವರು ಬಹಳ ಮಂದಿ ಇದೇ ಪ್ರಶ್ನೆ ಕೇಳಿದ್ದಾರೆ. ಒಪ್ಪತ್ತಿಗೆ ಅಡ್ಡಿಯಿಲ್ಲ. ತೊಂದರೆ ಇರುವುದು ಫಲಾಹಾರದಲ್ಲಿ: ಅವಲಕ್ಕಿ, ಸಬ್ಬಕ್ಕಿ, ಬಾಳೆಹಣ್ಣಿನ ರಸಾಯನ ಎಲ್ಲವೂ ಪಿಷ್ಟ, ಸಕ್ಕರೆ. ಅದರ ಬದಲು ಒಂದು ಹಿಡಿ ಕಡಲೆಕಾಯಿ, ಒಂದು ಬಟ್ಟಲು ಮೊಸರು, ಒಂದು ಸೀಬೆಹಣ್ಣು ಸಾಕು. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಗ್ಲಿಮಿಪಿರೈಡ್ (ದೇಹದಿಂದ ಹೆಚ್ಚು ಇನ್ಸುಲಿನ್ ಹೊರಡಿಸುವ ಮಾತ್ರೆ) ತೆಗೆದುಕೊಳ್ಳುವವರು ಮಾತ್ರ ಕೇಳದೆ ಉಪವಾಸ ಮಾಡಬಾರದು.

ತೂಕ ಹೆಚ್ಚಿದ್ದರೆ ಶೇ. 5ರಷ್ಟು ಇಳಿದರೂ ಅನೇಕರಲ್ಲಿ ಶುಗರ್ ಮತ್ತು ಮುಟ್ಟು ಎರಡೂ ಸುಧಾರಿಸುತ್ತವೆ. 70 ಕೆಜಿ ಇದ್ದವರಿಗೆ ಅದು ಮೂರೂವರೆ ಕೆಜಿ. ಒಂದೇ ತಿಂಗಳಲ್ಲಿ ಇಳಿಸುವ ಹಟ ಬೇಡ.

ಪ್ರಶ್ನೆ: ನನಗೆ ಶುಗರ್ ಇಲ್ಲ. ಮುಟ್ಟು ಸರಿಯಾಗಲಿ ಎಂದು ಹೋದರೆ ಶುಗರ್ ಮಾತ್ರೆ ಮೆಟ್‌ಫಾರ್ಮಿನ್ ಕೊಟ್ಟಿದ್ದಾರೆ. ನುಂಗಿದ ದಿನದಿಂದ ಹೊಟ್ಟೆ ತೊಳಸು, ಭೇದಿ. ಶುಗರ್ ಪೂರ್ತಿ ಇಳಿದು ತಲೆಸುತ್ತಿ ಬೀಳ್ತೀನಾ ಅನ್ನೋ ಭಯ ಬೇರೆ. — ಮೂಡಿಗೆರೆ

ಉತ್ತರ: ಇನ್ಸುಲಿನ್‌ಗೆ ಸ್ನಾಯು ಓಗೊಡದೆ ಇದ್ದಾಗಲೂ ಅಂಡಾಶಯ ಓಗೊಡುತ್ತಲೇ ಇರುತ್ತದೆ. ಹೆಚ್ಚಿದ ಇನ್ಸುಲಿನ್ ಅಲ್ಲಿ ಗಂಡು ಹಾರ್ಮೋನಿನ ಉತ್ಪತ್ತಿಯನ್ನು ಏರಿಸುತ್ತದೆ. ಲಿವರಿನಲ್ಲಿ ಆ ಹಾರ್ಮೋನನ್ನು ಹಿಡಿದಿಡುವ ಪ್ರೋಟೀನನ್ನೂ ಕಡಿಮೆ ಮಾಡುತ್ತದೆ. ಹೀಗೆ ರಕ್ತದಲ್ಲಿ ಬಿಡಿಯಾಗಿ ಓಡಾಡುವ ಗಂಡು ಹಾರ್ಮೋನು ಹೆಚ್ಚಿ ಅಂಡ ಪಕ್ವವಾಗುವುದು ನಿಲ್ಲುತ್ತದೆ, ಮುಟ್ಟು ಮುಂದೆ ಹೋಗುತ್ತದೆ. ಮೆಟ್‌ಫಾರ್ಮಿನ್ ಮುಖ್ಯವಾಗಿ ಲಿವರ್ ಸುರಿಸುವ ಸಕ್ಕರೆಯನ್ನು ತಗ್ಗಿಸಿ ಇನ್ಸುಲಿನ್ ಇಳಿಸುತ್ತದೆ. ಮುಟ್ಟಿಗಾಗಿ ಶುಗರ್ ಮಾತ್ರೆ ಕೊಡುವುದರ ಅರ್ಥ ಇಷ್ಟೇ.

ಅದು ಮೇದೋಜೀರಕ ಗ್ರಂಥಿಯನ್ನು ಹಿಂಡಿ ಇನ್ಸುಲಿನ್ ಹೊರಡಿಸುವ ಮಾತ್ರೆಯಲ್ಲ. ಆದ್ದರಿಂದ ಮೆಟ್‌ಫಾರ್ಮಿನ್ ಒಂದನ್ನೇ ತೆಗೆದುಕೊಂಡರೆ ಶುಗರ್ ಅಪಾಯಕ್ಕೆ ಇಳಿಯುವುದು ಅಪರೂಪ. ಆದರೆ ಮಾತ್ರೆ ಪಟ್ಟಿಯ ಹಿಂದೆ ಬರೆದಿರುವುದನ್ನು ಪ್ರತಿ ಸಲ ಓದಿ. ಒಂದೇ ಬ್ರ್ಯಾಂಡಿನ ಹೆಸರಿಗೆ ಒಂದೆರಡು ಅಕ್ಷರ ಸೇರಿಸಿ ಗ್ಲಿಮಿಪಿರೈಡ್ ಕೂಡಿಸಿದ ಮಾತ್ರೆಗಳೂ ಬರುತ್ತವೆ. ಅಂಗಡಿಯಲ್ಲಿ ಅದು ಅದಲುಬದಲಾಗಿ ನಿಮ್ಮ ಕೈಗೆ ಬಂದರೆ ನಿಜವಾಗಿಯೂ ಶುಗರ್ ಕುಸಿಯುತ್ತದೆ. ಚೀಟಿಯಲ್ಲಿ ಮೆಟ್‌ಫಾರ್ಮಿನ್ ಮಾತ್ರ ಇದ್ದು ಪಟ್ಟಿಯಲ್ಲಿ ಎರಡು ಔಷಧದ ಹೆಸರಿದ್ದರೆ ನುಂಗಬೇಡಿ, ವಾಪಸ್ ತೋರಿಸಿ.

ಹೊಟ್ಟೆಯ ತೊಂದರೆ ಬಹುತೇಕ ಡೋಸ್ ಒಮ್ಮೆಲೇ ಏರಿಸಿದ್ದರಿಂದ ಬರುತ್ತದೆ. 500 ಮಿಗ್ರಾಂ ಒಂದು ಮಾತ್ರೆಯಿಂದ ಶುರುಮಾಡಿ, 1ರಿಂದ 2 ವಾರಕ್ಕೊಮ್ಮೆ 500ರಂತೆ ಏರಿಸಬೇಕು. ಬರಿ ಹೊಟ್ಟೆಗೆ ಬೇಡ, ಊಟದ ನಡುವೆ ಅಥವಾ ಊಟ ಮುಗಿದ ಕೂಡಲೇ ನುಂಗಿ. ಆದರೂ ಸರಿಹೋಗದಿದ್ದರೆ ನಿಧಾನವಾಗಿ ಕರಗುವ ಎಸ್‌ಆರ್ ಮಾತ್ರೆಗೆ ಬದಲಿಸಿಕೊಡಲು ಕೇಳಿ. ಅದನ್ನು ಮುರಿಯಬೇಡಿ, ಪುಡಿ ಮಾಡಬೇಡಿ. ಕೆಲವು ಕಂಪನಿಯ ಎಸ್‌ಆರ್ ಮಾತ್ರೆಯ ಸಿಪ್ಪೆ ಮಲದಲ್ಲಿ ಮೆತ್ತಗೆ ಇಡಿಯಾಗಿ ಕಾಣಿಸುತ್ತದೆ. ಔಷಧ ಒಳಗೆ ಸೇರಿರುತ್ತದೆ, ಗಾಬರಿ ಬೇಡ, ಇನ್ನೊಂದು ಮಾತ್ರೆಯೂ ಬೇಡ. ಜೋರು ವಾಂತಿಭೇದಿಯಾಗಿ ನೀರೂ ನಿಲ್ಲದ ದಿನ ಮೆಟ್‌ಫಾರ್ಮಿನ್ ನಿಲ್ಲಿಸಿ ಡಾಕ್ಟರಿಗೆ ತಿಳಿಸಿ. ಶುರುವಿಗೆ ಮುಂಚೆ ಕಿಡ್ನಿಯ ಕ್ರಿಯಾಟಿನಿನ್ ನೋಡಿಸಿರಬೇಕು. ವರ್ಷಗಟ್ಟಲೆ ತೆಗೆದುಕೊಳ್ಳುವವರಲ್ಲಿ ವಿಟಮಿನ್ ಬಿ12 ಇಳಿಯಬಹುದು. ಮಾಂಸ, ಮೀನು, ಮೊಟ್ಟೆ ತಿನ್ನದವರಲ್ಲಿ ಇನ್ನೂ ಬೇಗ. ಪಾದ ಜೋಮು ಹಿಡಿಯುತ್ತಿದ್ದರೆ ಬಿ12 ಪರೀಕ್ಷಿಸಿ.

ಮದುವೆಯಾಗಿದ್ದು ಈಗ ಮಗು ಬೇಡ ಎಂದಿದ್ದರೆ ಒಂದು ಎಚ್ಚರ: ಈ ಮಾತ್ರೆಯಿಂದ ಅಂಡ ಬಿಡುಗಡೆ ಮತ್ತೆ ಶುರುವಾಗಬಹುದು. ಮುಟ್ಟು ಬರುವುದೇ ಇಲ್ಲವಲ್ಲ ಎಂದು ಧೈರ್ಯವಾಗಿ ಇರಬೇಡಿ. ಮುಟ್ಟಿನ ನಡುವೆ 90 ದಿನಕ್ಕಿಂತ ಹೆಚ್ಚು ಅಂತರ ಬರುತ್ತಿದ್ದರೆ ಗರ್ಭಕೋಶದ ಒಳಪದರ ದಪ್ಪವಾಗುತ್ತದೆ. ಅದನ್ನು ಇಳಿಸಲು ಬೇರೆ ಹಾರ್ಮೋನು ಮಾತ್ರೆ ಬೇಕಾಗುತ್ತದೆ, ಮೆಟ್‌ಫಾರ್ಮಿನ್ ಒಂದನ್ನೇ ನಂಬಿ ಕೂರುವಂತಿಲ್ಲ.

ಪ್ರಶ್ನೆ: ನಾಲ್ಕು ತಿಂಗಳಿಗೊಮ್ಮೆ ಮುಟ್ಟು, ಬಂದರೆ 15 ದಿನ ಧಾರಾಳವಾಗಿ ಹೋಗುತ್ತದೆ. ಹಿಮೋಗ್ಲೋಬಿನ್ 8.4. ಮೂರು ತಿಂಗಳ ಸರಾಸರಿ ಶುಗರ್, ಎಚ್‌ಬಿಎ1ಸಿ, 6.2 ಬಂದಿದೆ. ಬರಿ ಹೊಟ್ಟೆಯದು 90. ಯಾವುದನ್ನು ನಂಬಲಿ? — ಕೊಪ್ಪ

ಉತ್ತರ: ಸದ್ಯಕ್ಕೆ 6.2ನ್ನು ಪಕ್ಕಕ್ಕಿಡಿ. ಎಚ್‌ಬಿಎ1ಸಿ ಅಳೆಯುವುದು ಕೆಂಪು ರಕ್ತಕಣಕ್ಕೆ ಅಂಟಿದ ಸಕ್ಕರೆಯನ್ನು. 5.7ಕ್ಕಿಂತ ಕಡಿಮೆ ಸರಿ, 5.7ರಿಂದ 6.4 ಹೊಸ್ತಿಲು, 6.5ರಿಂದ ಕಾಯಿಲೆ. ಕಬ್ಬಿಣದ ಕೊರತೆ ಇದ್ದಾಗ ಶುಗರ್ ಏರದೆಯೂ ಈ ಅಂಕಿ ಹುಸಿಯಾಗಿ ಏರಬಹುದು. ಈಚೆಗೆ ರಕ್ತ ಹಾಕಿಸಿಕೊಂಡಿದ್ದರೆ, ಬಹಳ ರಕ್ತ ಹೋಗಿದ್ದರೆ ಹುಸಿಯಾಗಿ ಇಳಿಯಲೂಬಹುದು. ನಿಮಗೆ ಬೇಕಾದ್ದು ಮೊದಲ ಪ್ರಶ್ನೆಯಲ್ಲಿ ಹೇಳಿದ 75 ಗ್ರಾಂ ಪರೀಕ್ಷೆ. ಆದರೆ ಅದಕ್ಕಿಂತ ಮುಂಚೆ ರಕ್ತಸ್ರಾವ ನಿಲ್ಲಿಸಬೇಕು. 8.4ರ ಹಿಮೋಗ್ಲೋಬಿನ್ ಇಟ್ಟುಕೊಂಡು ಕಾಯಬಾರದು, ಈ ವಾರವೇ ಸ್ತ್ರೀರೋಗ ತಜ್ಞರನ್ನು ನೋಡಿ. ಕಬ್ಬಿಣದ ಮಾತ್ರೆಯನ್ನು ಕಾಫಿ, ಟೀ ಜೊತೆ ನುಂಗಬೇಡಿ, ಎರಡು ಗಂಟೆ ಅಂತರವಿರಲಿ.

ಪ್ರಶ್ನೆ: ನಾನು 46 ಕೆಜಿ. ತೆಳ್ಳಗಿರುವವರಿಗೂ ಇದೆಲ್ಲ ಬರುತ್ತದೆಯೇ? — ಚಿಕ್ಕಮಗಳೂರು

ಉತ್ತರ: ಬರುತ್ತದೆ. ತೂಕದ ಯಂತ್ರಕ್ಕಿಂತ ಟೇಪು ಮೇಲು. ಉಸಿರು ಬಿಟ್ಟು ಹೊಟ್ಟೆಯ ಸುತ್ತಳತೆ ತೆಗೆಯಿರಿ, 80 ಸೆಂಮೀ ಮುಟ್ಟಿದರೆ ಒಳಗೆ ಕೊಬ್ಬು ಸೇರಿದೆ ಎಂದೇ ಲೆಕ್ಕ. ಅಪ್ಪ, ಅಮ್ಮ, ಅಕ್ಕತಂಗಿಯರಲ್ಲಿ ಯಾರಿಗಾದರೂ ಶುಗರ್ ಇದ್ದರೆ ಸುತ್ತಳತೆ ಎಷ್ಟೇ ಇರಲಿ ಪರೀಕ್ಷೆ ತಪ್ಪಿಸಬೇಡಿ. ನೀವು ಊಟ ಕಡಿಮೆ ಮಾಡಬೇಕಿಲ್ಲ, ಪ್ರೋಟೀನ್ ಹೆಚ್ಚಿಸಿ ಸ್ನಾಯು ಬೆಳೆಸಬೇಕು. ಸರ್ಕಾರದ ಸಾಮಾನ್ಯ ಶುಗರ್, ಬಿಪಿ ತಪಾಸಣೆ 30 ವರ್ಷ ದಾಟಿದವರಿಗೆ. ಅದಕ್ಕಿಂತ ಚಿಕ್ಕವರನ್ನು ಯಾರೂ ಹುಡುಕಿಕೊಂಡು ಬರುವುದಿಲ್ಲ. ನಿಮ್ಮ ಊರಿನ ಆರೋಗ್ಯ ಕೇಂದ್ರಕ್ಕೆ ನೀವೇ ಹೋಗಿ "ಪಿಸಿಓಎಸ್ ಇದೆ, ಶುಗರ್ ನೋಡಿ" ಎಂದು ಕೇಳಿ.

ಪ್ರಶ್ನೆ: ಬೆಳಗಾಗೆದ್ದರೆ ದನ, ಕೊಟ್ಟಿಗೆ, ತೋಟ. ಇಷ್ಟು ದುಡಿಯುವವಳಿಗೆ ವಾಕಿಂಗ್ ಬೇರೆ ಬೇಕಾ? — ಆಲೂರು

ಉತ್ತರ: ನಿಮ್ಮ ದುಡಿಮೆ ದೊಡ್ಡದು, ಅದು ಲೆಕ್ಕಕ್ಕೆ ಬರುತ್ತದೆ. ಆದರೆ ಅದರಲ್ಲಿ ಬಗ್ಗಿ ನಿಂತ ಕೆಲಸ ಹೆಚ್ಚು, ಉಸಿರು ಏರುವ ಕೆಲಸ ಕಡಿಮೆ. ಮಾತಾಡಬಹುದು, ಹಾಡಲಾಗದು ಎನ್ನುವಷ್ಟು ಏದುಸಿರು ಬರುವ ನಡಿಗೆ ವಾರಕ್ಕೆ 150 ನಿಮಿಷವಾದರೂ ಬೇಕು. ಅದನ್ನು ಊಟದ ನಂತರದ 10–15 ನಿಮಿಷಗಳಾಗಿ ಹಂಚಿಕೊಂಡರೆ ಇನ್ನೂ ಒಳ್ಳೆಯದು. ನಡೆಯುವ ಸ್ನಾಯು ಇನ್ಸುಲಿನ್ ಕಾಯದೆಯೇ ರಕ್ತದಿಂದ ಸಕ್ಕರೆ ಎಳೆದುಕೊಳ್ಳುತ್ತದೆ. ವಾರಕ್ಕೆ ಎರಡು ದಿನ ಬಲದ ವ್ಯಾಯಾಮವಿರಲಿ: ಕುರ್ಚಿಯಿಂದ ಕೈ ಊರದೆ 10 ಸಲ ಎದ್ದು ಕೂರುವುದು, ಗೋಡೆಗೆ ಕೈಕೊಟ್ಟು 10 ಸಲ ದಂಡ, ಹೀಗೆ ಮೂರು ಸುತ್ತು. ಆಷಾಢದ ಮಳೆಯಲ್ಲಿ ಹೊರಗೆ ಕಾಲಿಡಲಾಗದಿದ್ದರೆ ಜಗಲಿಯ ಮೆಟ್ಟಿಲು ಹತ್ತಿ ಇಳಿದರೂ ಆಯಿತು.

ಪ್ರಶ್ನೆ: ಮನೆಯಲ್ಲೇ ಗ್ಲುಕೋಮೀಟರ್ ಇದೆ. ಒಂದೇ ಬೆಳಿಗ್ಗೆ 98, 117, 108 ಹೀಗೆ ತೋರಿಸುತ್ತದೆ. ಯಂತ್ರ ಕೆಟ್ಟಿದೆಯೇ? — ಸಕಲೇಶಪುರ

ಉತ್ತರ: ಕೆಟ್ಟಿಲ್ಲದಿರಬಹುದು. ಒಳ್ಳೆಯ ಯಂತ್ರಕ್ಕೂ ಲ್ಯಾಬಿನ ಅಂಕಿಗಿಂತ ಶೇ. 15ರಷ್ಟು ಆಚೆ ಈಚೆ ಆಗಲು ಅವಕಾಶವಿದೆ. 108 ಎಂಬುದು ನಿಜವಾಗಿ 95 ಇರಬಹುದು, 124 ಇರಬಹುದು. ಹಾಗಾಗಿ ಕಾಯಿಲೆ ಇದೆ, ಇಲ್ಲ ಎನ್ನುವ ತೀರ್ಮಾನ ಈ ಯಂತ್ರದಿಂದ ಆಗಬಾರದು.

ನಿಮ್ಮ ಊರಿನ ಮಳೆಗಾಲ ಯಂತ್ರಕ್ಕೆ ಹಾಕುವ ಪಟ್ಟಿಗಳ ಶತ್ರು. ತೇವ ತಾಗಿದ ಪಟ್ಟಿ ತಪ್ಪು ತೋರಿಸುತ್ತದೆ. ಪಟ್ಟಿಯನ್ನು ಅದರ ಡಬ್ಬಿಯಲ್ಲೇ ಇಡಿ, ಒಂದು ತೆಗೆದ ಕೂಡಲೇ ಮುಚ್ಚಳ ಒತ್ತಿ, ಫ್ರಿಜ್ಜಿನಲ್ಲಿ ಇಡಬೇಡಿ, ಡಬ್ಬಿ ತೆರೆದ ತಾರೀಖನ್ನು ಅದರ ಮೇಲೆ ಬರೆಯಿರಿ. ಕೈಯನ್ನು ಸೋಪು ಹಾಕಿ ತೊಳೆದು ಪೂರ್ತಿ ಒರೆಸಿ. ಬಾಳೆಹಣ್ಣು ಸುಲಿದ ಬೆರಳನ್ನೇ ಚುಚ್ಚಿದರೆ ಅಂಕಿ ಎಲ್ಲೋ ಹೋಗಿರುತ್ತದೆ, ಒದ್ದೆ ಬೆರಳಾದರೆ ರಕ್ತ ತೆಳುವಾಗಿ ಕಡಿಮೆ ತೋರಿಸುತ್ತದೆ. ಬೆರಳ ತುದಿಯ ಪಕ್ಕಕ್ಕೆ ಚುಚ್ಚಿ, ಹಿಂಡಬೇಡಿ. ಊಟದ ನಂತರ ನೋಡುವುದಾದರೆ ಮೊದಲ ತುತ್ತಿನಿಂದ ಎರಡು ಗಂಟೆ ಎಣಿಸಿ. ಹೊಸ್ತಿಲಲ್ಲಿ ಇರುವವರು ದಿನಾ ಚುಚ್ಚಿಕೊಳ್ಳುವುದು ಬೇಡವೇ ಬೇಡ. ಆ ದುಡ್ಡಿಗೆ ಮೊಟ್ಟೆ, ಕಾಳು ಬರುತ್ತದೆ.

ಪ್ರಶ್ನೆ: 29 ವರ್ಷ, ಮದುವೆಯಾಗಿ ನಾಲ್ಕು ವರ್ಷ. ಬರಿ ಹೊಟ್ಟೆಯ ಶುಗರ್ 131, ಎಚ್‌ಬಿಎ1ಸಿ 7.1. ಮಗುವಿಗಾಗಿ ಮಾತ್ರೆ ಕೊಡಿ ಅಂದರೆ ಡಾಕ್ಟರ್ "ಮೊದಲು ಶುಗರ್ ಇಳಿಯಲಿ, ಮೂರು ತಿಂಗಳು ಕಾಯಿರಿ" ಅಂತಾರೆ. ಅತ್ತೆ ಮನೆಯಲ್ಲಿ ಕಾಯುವ ತಾಳ್ಮೆ ಇಲ್ಲ. — ಅರಸೀಕೆರೆ

ಉತ್ತರ: ಈ ಮೂರು ತಿಂಗಳು ದಂಡವಲ್ಲ, ಮಗುವಿಗಾಗಿಯೇ. ಹೊಟ್ಟೆಯಲ್ಲಿ ಮಗುವಿನ ಹೃದಯ, ಬೆನ್ನುಹುರಿ ರೂಪುಗೊಳ್ಳುವುದು ಮೊದಲ ಎಂಟು ವಾರದಲ್ಲಿ. ಮುಟ್ಟು ತಡವಾಗುವುದೇ ಅಭ್ಯಾಸವಾಗಿರುವ ಪಿಸಿಓಎಸ್‌ನವರಿಗೆ ಬಸಿರು ಗೊತ್ತಾಗುವಷ್ಟರಲ್ಲಿ ಆ ಹೊತ್ತು ಅರ್ಧ ಕಳೆದಿರುತ್ತದೆ. ಆಗ ಶುಗರ್ ಹೆಚ್ಚಿದ್ದರೆ ಅಂಗವೈಕಲ್ಯ, ಗರ್ಭಪಾತ ಎರಡರ ಅಪಾಯವೂ ಏರುತ್ತದೆ. ಎಚ್‌ಬಿಎ1ಸಿ 6.5ಕ್ಕಿಂತ ಕೆಳಗೆ ಬಂದ ಮೇಲೆ ಮುಂದುವರಿಯುವುದು ಒಳ್ಳೆಯದು. ಈ ಮಾತನ್ನು ನಿಮ್ಮ ಅತ್ತೆಯವರಿಗೆ ಡಾಕ್ಟರ ಬಾಯಲ್ಲೇ ಹೇಳಿಸಿ, ಮುಂದಿನ ಸಲ ಅವರನ್ನೂ ಯಜಮಾನರನ್ನೂ ಜೊತೆಗೆ ಕರೆದುಕೊಂಡು ಹೋಗಿ. ಯಜಮಾನರ ವೀರ್ಯ ಪರೀಕ್ಷೆ ಇದೇ ಅವಧಿಯಲ್ಲಿ ಮುಗಿಯಲಿ. ಅದನ್ನು ಬಿಟ್ಟು ಹೆಂಡತಿಗಷ್ಟೇ ಮಾತ್ರೆ ಕೊಡುವುದು ನ್ಯಾಯವೂ ಅಲ್ಲ, ವೈದ್ಯಕೀಯವೂ ಅಲ್ಲ.

ಶುಗರ್ ಇಳಿಯುವವರೆಗೆ ಕಾಂಡೋಮ್ ಬಳಸಿ. ಫೋಲಿಕ್ ಆಸಿಡ್ ಈಗಲೇ ಶುರುವಾಗಲಿ. ಸಕ್ಕರೆ ಕಾಯಿಲೆ ಇರುವವರಿಗೆ ಮಾಮೂಲಿಗಿಂತ ಹೆಚ್ಚಿನ ಡೋಸ್ ಬರೆಯುವುದುಂಟು, ಎಷ್ಟು ಎಂದು ಕೇಳಿ. ಬಿಪಿ, ಕೊಲೆಸ್ಟ್ರಾಲ್ ಮಾತ್ರೆ ಇದ್ದರೆ ತಪ್ಪದೆ ತಿಳಿಸಿ, ಅವುಗಳಲ್ಲಿ ಕೆಲವು ಬಸಿರಿನಲ್ಲಿ ಸಲ್ಲವು. ಅಂಡ ಬಿಡುಗಡೆಗೆ ಈಗ ಮೊದಲು ಆರಿಸುವ ಮಾತ್ರೆ ಲೆಟ್ರೊಜೋಲ್.

ಪಿಸಿಓಎಸ್ ಇದ್ದು ಶುಗರ್ ಇನ್ನೂ ಬಂದಿಲ್ಲದ ಓದುಗರು ಬಸಿರಾದರೆ ಮೊದಲ ಭೇಟಿಯಲ್ಲೇ ಒಮ್ಮೆ, 24ರಿಂದ 28 ವಾರದ ನಡುವೆ ಇನ್ನೊಮ್ಮೆ ಪರೀಕ್ಷೆ ಆಗಬೇಕು. ನಮ್ಮ ಸರ್ಕಾರಿ ಆಸ್ಪತ್ರೆಗಳಲ್ಲಿ ಉಪವಾಸವಿಲ್ಲದೆ 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆಗೆ ನೋಡುತ್ತಾರೆ, 140 ಮುಟ್ಟಿದರೆ ಬಸಿರಿನ ಶುಗರ್. ಹೆರಿಗೆಯಾಗಿ ಆರು ವಾರಕ್ಕೆ ಬರಿ ಹೊಟ್ಟೆಯಲ್ಲಿ ಮತ್ತೆ ಅದೇ ಪರೀಕ್ಷೆ ಇದೆ. ಬಹಳ ಮಂದಿಗೆ ತಪ್ಪಿಹೋಗುವುದು ಇದೇ, ಏಕೆಂದರೆ ಆಗ ತವರಿನಲ್ಲಿ ಬಾಣಂತನ, ಡಾಕ್ಟರ್ ಬೇರೆ ಊರಿನಲ್ಲಿ. ತವರಿನ ಹತ್ತಿರದ ಆಸ್ಪತ್ರೆಯಲ್ಲೇ ಮಾಡಿಸಿ, ತಾಯಿ ಕಾರ್ಡಿನಲ್ಲಿ ತಾರೀಖು ಈಗಲೇ ಬರೆಸಿಡಿ. ಅಂಟಿನುಂಡೆ, ಬೆಲ್ಲ ತುಪ್ಪದ ಬಾಣಂತಿ ಖಾರ ದಿನಕ್ಕೆ ಮೂರು ನಾಲ್ಕು ಕೊಡುವ ಮನೆಗಳಲ್ಲಿ ಅದನ್ನು ಒಂದಕ್ಕೆ ಇಳಿಸಿ ಮೊಟ್ಟೆ, ಮೀನು, ಕಾಳು ಹೆಚ್ಚಿಸಿ. ಹಾಲು ಕಡಿಮೆಯಾಗುವುದಿಲ್ಲ. ಹಾಲುಣಿಸುವುದರಿಂದ ತಾಯಿಯ ಶುಗರ್‌ಗೂ ಒಳ್ಳೆಯದು.

ಪ್ರಶ್ನೆ: 44ನೇ ವಯಸ್ಸಿಗೆ ಗರ್ಭಕೋಶ ತೆಗೆಸಿದೆ. ಇನ್ನು ಪಿಸಿಓಎಸ್ ಚಿಂತೆ ಇಲ್ಲ ತಾನೆ? — ತರೀಕೆರೆ

ಉತ್ತರ: ಮುಟ್ಟಿನ ಚಿಂತೆ ಮುಗಿಯಿತು, ಶುಗರ್‌ನದು ಮುಗಿದಿಲ್ಲ. ಇನ್ಸುಲಿನ್‌ನ ತೊಡಕು ಗರ್ಭಕೋಶದಲ್ಲಿ ಇರಲಿಲ್ಲ, ಮುಟ್ಟು ನಿಂತ ಮೇಲೂ ಅದು ಉಳಿಯುತ್ತದೆ. ವರ್ಷಕ್ಕೊಮ್ಮೆ ಬಿಪಿ ನೋಡಿಸಿ, ಶುಗರನ್ನು ಮೂರು ವರ್ಷ ಮೀರದಂತೆ ನೋಡಿಸಿ, ಹೊಸ್ತಿಲಲ್ಲಿದ್ದರೆ ಪ್ರತಿ ವರ್ಷ. ಕೊಲೆಸ್ಟ್ರಾಲನ್ನೂ ಒಮ್ಮೆ ನೋಡಿಸಿ. ರಾತ್ರಿ ಜೋರು ಗೊರಕೆ, ನಡುವೆ ಉಸಿರು ಕಟ್ಟಿದಂತಾಗಿ ಏಳುವುದು, ಹಗಲಲ್ಲಿ ತೂಕಡಿಕೆ ಇದ್ದರೆ ಡಾಕ್ಟರಿಗೆ ಹೇಳಿ. ಪಿಸಿಓಎಸ್ ಇರುವವರಲ್ಲಿ ನಿದ್ರೆಯಲ್ಲಿ ಉಸಿರುಕಟ್ಟುವ ತೊಂದರೆ ಹೆಚ್ಚು, ಅದು ಶುಗರನ್ನೂ ಏರಿಸುತ್ತದೆ. ನಿಮ್ಮ ತಂಗಿಯರಿಗೂ ಹೆಣ್ಣುಮಕ್ಕಳಿಗೂ ಒಮ್ಮೆ ಶುಗರ್ ನೋಡಿಸಲು ಹೇಳಿ.

ಪ್ರಶ್ನೆ: ಮೆಂತ್ಯ, ದಾಲ್ಚಿನ್ನಿ, ಇನೊಸಿಟಾಲ್ ಪುಡಿ ಇವುಗಳಿಂದಲೇ ವಾಸಿ ಮಾಡಿಕೊಳ್ಳಬಹುದೇ? — ಅರಕಲಗೂಡು

ಉತ್ತರ: ರಾತ್ರಿ ನೆನೆಸಿದ ಒಂದು ಚಮಚ ಮೆಂತ್ಯ ತಿಂದರೆ ನಾರು ಸಿಗುತ್ತದೆ, ತಿನ್ನಿ. ಬಸಿರಿದ್ದರೆ ಅಥವಾ ಶುಗರ್ ಮಾತ್ರೆ ಇದ್ದರೆ ಅದಕ್ಕಿಂತ ಹೆಚ್ಚು ಬೇಡ. ಪಿಸಿಓಎಸ್‌ಗೆಂದು ಮಾರುವ ಇನೊಸಿಟಾಲ್‌ನಿಂದ ಅಪಾಯ ಕಡಿಮೆ, ಪ್ರಯೋಜನಕ್ಕೆ ಸಿಕ್ಕಿರುವ ಪುರಾವೆಯೂ ಕಡಿಮೆ, ಬೆಲೆ ಮಾತ್ರ ಮೆಟ್‌ಫಾರ್ಮಿನ್‌ಗಿಂತ ಬಹಳ ಹೆಚ್ಚು. ಎರಡರಲ್ಲಿ ಒಂದಕ್ಕಷ್ಟೇ ದುಡ್ಡಿದ್ದರೆ ಜನೌಷಧಿ ಅಂಗಡಿಯ ಮೆಟ್‌ಫಾರ್ಮಿನ್ ಕೊಳ್ಳಿ. ಒಳಗೆ ಏನಿದೆ ಎಂದು ಬರೆಯದ ಪುಡಿ, ಲೇಹ್ಯ ಯಾರೇ ಕೊಟ್ಟರೂ ತೆಗೆದುಕೊಳ್ಳಬೇಡಿ. ತೆಗೆದುಕೊಳ್ಳುತ್ತಿದ್ದರೆ ಆ ಡಬ್ಬಿಯನ್ನು ಡಾಕ್ಟರ ಮೇಜಿನ ಮೇಲೆ ಇಟ್ಟು ತೋರಿಸಿ.